ಇಬ್ಬರ ಅಳತೆಗೆ ಒಂದು ದೋಣಿ

ಡಾಕ್ಟರ ಕೋಟಿನ ತೋಳು ಕಿತ್ತುಬಂದ ದಿನವೇ ದರ್ಜಿ ತನ್ನ ಹೆಂಡತಿಯನ್ನು ಕೊಲ್ಲಬೇಕೆಂದು ತೀರ್ಮಾನಿಸಿದ್ದು.

ತೋಳು ಕಿತ್ತವಳು ಅವಳೇ. ಬೇಕೆಂದೇ ಮಾಡಿದ್ದರೆ ಅವನು ಬಹುಶಃ ಕ್ಷಮಿಸಿಬಿಡುತ್ತಿದ್ದ. ದೊಡ್ಡಾಸ್ಪತ್ರೆಯ ಡಾಕ್ಟರು ಹೊಸ ಕೋಟಿನ ಟ್ರಯಲ್ ನೋಡಲು ಬಂದಿದ್ದರು, ಜೊತೆಗೆ ಇಬ್ಬರು ಗೆಳೆಯರು. ಟ್ರಯಲ್ ಕೋಟಿಗೆ ಪಕ್ಕಾ ಹೊಲಿಗೆ ಬಿದ್ದಿರುವುದಿಲ್ಲ. ತೋಳು, ಕಾಲರು ಎಲ್ಲ ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿ ನಿಂತಿರುತ್ತವೆ, ದಾರದ ತುದಿಗಳು ಹೊರಗೆ ನೇತಾಡುತ್ತಿರುತ್ತವೆ. ನೇತಾಡಲೇಬೇಕು, ಆಮೇಲೆ ಹಿಡಿದು ಬಿಚ್ಚಲು ಅದೇ ಗುರುತು. ದರ್ಜಿ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಬೆನ್ನಿನ ಮಡಿಕೆ ಸರಿಮಾಡುತ್ತಿದ್ದ. ಗಲ್ಲಾದಲ್ಲಿ ಕೂತಿದ್ದ ಹೆಂಡತಿ ಎದ್ದುಬಂದು, "ಅಯ್ಯೋ, ಇಲ್ಲೊಂದು ದಾರ ಬಿಟ್ಟಿದ್ದಾರೆ ನೋಡಿ," ಎನ್ನುತ್ತ ಡಾಕ್ಟರ ಹೆಗಲ ಮೇಲಿದ್ದ ತುದಿಯನ್ನು ಹಿಡಿದು ಎಳೆದಳು. ಸರ್ರನೆ ಬಂತು. ತೋಳು ಜಾರಿ ಡಾಕ್ಟರ ಮಣಿಕಟ್ಟಿಗೆ ಬಂದು ನಿಂತಿತು.

"ಏನ್ ಮಾಸ್ಟ್ರೇ, ನನ್ನ ಕೈ ಮುರಿಯೋದು ಬಾಕಿ ಇತ್ತಾ?" ಎಂದರು ಡಾಕ್ಟರು. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿಯೂ ನಕ್ಕಳು. ಬಾಯಿತುಂಬ ಸೂಜಿ ಇದ್ದದ್ದರಿಂದ ದರ್ಜಿಗೆ ನಗಲೂ ಆಗಲಿಲ್ಲ, ಬಯ್ಯಲೂ ಆಗಲಿಲ್ಲ.

ಅವಳಿಗೇನು ಕಚ್ಚಾ ಹೊಲಿಗೆ ಗೊತ್ತಿಲ್ಲವೇ? ದರ್ಜಿಯ ಮಗಳು, ದರ್ಜಿಯ ಹೆಂಡತಿ, ಹುಟ್ಟಿದಾಗಿನಿಂದ ನೋಡಿದ್ದೇ ಅದು. ಆದರೆ ಏನಾದರೂ ನೇತಾಡುವುದು ಕಂಡರೆ ಅವಳ ಕೈ ತಲೆಯನ್ನು ಕೇಳುತ್ತಿರಲಿಲ್ಲ. ಪರದೆಯ ಹುರಿ, ಇಸ್ತ್ರಿಪೆಟ್ಟಿಗೆಯ ವೈರು, ಬಿಚ್ಚಿದ ಬೂಟಿನ ಲೇಸು, ಎದುರಿಗೆ ಕೂತ ಗುರುತಿಲ್ಲದವರ ಅಂಗಿಯ ಎಳೆ, ಯಾವುದನ್ನೂ ಬಿಡುವವಳಲ್ಲ. ಎಳೆದದ್ದನ್ನು ಎಸೆಯುವುದೂ ಇಲ್ಲ. ಎರಡು ಬೆರಳಿಗೆ ಅಡ್ಡಡ್ಡ ಸುತ್ತಿ, ಉಳಿದ ತುದಿಯಿಂದ ನಡು ಬಿಗಿದು, ಪುಟ್ಟ ಕಂತೆ ಮಾಡಿ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ. ಮನೆಯಲ್ಲಿ ಅಂಥ ಕಂತೆಗಳದ್ದೇ ಒಂದು ಬಿಸ್ಕತ್ತಿನ ಡಬ್ಬ ತುಂಬಿತ್ತು. ಮೂವತ್ತು ವರ್ಷ, ಗಿರಾಕಿಗಳ ಎದುರಿಗೇ, ತನ್ನ ಕೆಲಸದ ಕುಂದನ್ನು ಬೆರಳಿಗೆ ಸುತ್ತಿಕೊಂಡು ನಿಲ್ಲುವ ಹೆಂಗಸನ್ನು ಒಬ್ಬ ದರ್ಜಿ ಎಷ್ಟೆಂದು ಸಹಿಸಿಯಾನು!

ಇಷ್ಟೇ ಆಗಿದ್ದರೆ ಆ ಸಿಟ್ಟೂ ಒಂದು ವಾರಕ್ಕೆ ಇಳಿಯುತ್ತಿತ್ತೇನೋ. ಆದರೆ ಅಂದು ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಇನ್ನೊಂದು ಮಾತು ತೆಗೆದಳು.

"ಸಾಕು ರೀ ದುಡಿದಿದ್ದು. ನಿಮಗೂ ಕಣ್ಣು ಸೋತಿವೆ. ಅಂಗಡಿನ ಆ ರೆಡಿಮೇಡ್ ಬಟ್ಟೆಯವರಿಗೆ ಕೊಟ್ಟುಬಿಡೋಣ ಅಂತಿದ್ದೀನಿ. ತಮ್ಮನ ಹತ್ರಾನೂ ಮಾತಾಡಿದೆ."

'ಕೊಡೋಣ್ವಾ' ಅಲ್ಲ, 'ಕೊಟ್ಟುಬಿಡೋಣ.' ಹೇಳಬಹುದು, ಅಂಗಡಿ ಅವಳದು. ಅವಳ ಅಪ್ಪ ಕಟ್ಟಿದ್ದು. ಇವನು ಅಲ್ಲಿ ಕಾಜಾ ಹೊಲಿಯುವ ಕೆಲಸಕ್ಕೆ ಸೇರಿ, ಮುದುಕನ ಮರ್ಜಿ ಹಿಡಿದು ಅಳಿಯನಾದವನು. ಆದರೆ ಆ ಕತ್ತರಿ, ಆ ಉದ್ದ ಮೇಜು, ಮೂರು ಕಡೆಯ ಕನ್ನಡಿ, ಇವೆಲ್ಲ ಯಾರವು? ಅವುಗಳ ಎದುರಿಗೆ ನಿಂತಾಗ ಮಾತ್ರ ಅವನು ಒಬ್ಬ ಮನುಷ್ಯ. ಅಲ್ಲಿ ಇನ್ಯಾವನೋ ಬಂದು ಪ್ಲಾಸ್ಟಿಕ್ ಗೊಂಬೆಗಳಿಗೆ ರೆಡಿಮೇಡ್ ತೊಡಿಸಿ ನಿಲ್ಲಿಸುವುದೆಂದರೆ! ದರ್ಜಿಗೆ ತುತ್ತು ಗಂಟಲಲ್ಲೇ ನಿಂತಿತು.

"ಆಮೇಲೆ ನಾವು ಏನು ಮಾಡೋದು?" ಎಂದ.

"ನಾವಿಬ್ರೇ ಆರಾಮಾಗಿ ಇರೋಣ. ಮದುವೆ ಹೊಸದ್ರಲ್ಲಿ ಹೇಳ್ತಿದ್ರಲ್ಲ, ಒಂದು ಮೋಟಾರು ದೋಣಿ ತಗೊಂಡು ಸರೋವರ ಸುತ್ತೋಣ ಅಂತ? ನಾನಿನ್ನೂ ಮರೆತಿಲ್ಲ." ಅವಳ ಮುಖ ಕೆಂಪಾಯಿತು. ಈ ವಯಸ್ಸಿನಲ್ಲಿ ನಾಚಿಕೆ ಬೇರೆ.

ಅವಳಿಗೆ ಈಜು ಬರುತ್ತಿರಲಿಲ್ಲ. ದರ್ಜಿ ಗಂಟಲಲ್ಲಿದ್ದ ತುತ್ತನ್ನು ನುಂಗಿ, "ಒಳ್ಳೇ ಯೋಚನೆ," ಎಂದ.

ಮಕ್ಕಳಿಲ್ಲದ ದಂಪತಿ, ಅವಳಾದ ಮೇಲೆ ಅಂಗಡಿ ಅವನಿಗೇ. ತೊಡಕು ಒಂದೇ, ಅವಳ ತಮ್ಮ. ಕೋರ್ಟಿನಲ್ಲಿ ಸಾಕ್ಷಿಗಳ ಬಾಯಿ ಬಿಡಿಸಿಯೇ ಹೆಸರು ಮಾಡಿದ ವಕೀಲ. ಇನ್ನು ದರ್ಜಿಗೋ, ಸುಳ್ಳು ಹೇಳಿದರೆ ಎಡಗಣ್ಣಿನ ರೆಪ್ಪೆ ಪಟಪಟ ಬಡಿದುಕೊಳ್ಳುತ್ತದೆ. ಇದು ಬಾಮೈದನಿಗೆ ಮದುವೆಯಾದ ವರ್ಷದಿಂದಲೂ ಗೊತ್ತು, ಇಸ್ಪೀಟು ಆಡುವಾಗಲೆಲ್ಲ ಅದನ್ನು ನೋಡಿಯೇ ಗೆಲ್ಲುತ್ತಿದ್ದ. ದರ್ಜಿ ಎರಡು ದಿನ ತಲೆ ಕೆಡಿಸಿಕೊಂಡ. ಮೂರನೆಯ ದಿನ ಪ್ಯಾಂಟಿನ ಬಟ್ಟೆ ಕತ್ತರಿಸುತ್ತಿದ್ದಾಗ ದಾರಿ ಹೊಳೆಯಿತು. ಸುಳ್ಳು ಹೇಳಿದರಲ್ಲವೇ ರೆಪ್ಪೆ ಬಡಿಯುವುದು? ಒಂದೇ ಒಂದು ಸುಳ್ಳೂ ಬೇಕಾಗದ ಹಾಗೆ ಕೆಲಸ ಮುಗಿಸಬೇಕು. ದೋಣಿ ತಿರುಗಿಸಿದೆ, ಅವಳು ಬಿದ್ದಳು. ಕೈ ಚಾಚಿದೆ, ಎಟುಕಲಿಲ್ಲ. ನಾನೂ ನೀರಿಗೆ ಹಾರಿದೆ, ಹುಡುಕಿದೆ, ಸಿಗಲಿಲ್ಲ. ಜೇಬಿನಲ್ಲಿದ್ದ ಫೋನು ನೀರಲ್ಲಿ ಕೆಟ್ಟಿತು, ಯಾರನ್ನೂ ಕರೆಯಲಾಗಲಿಲ್ಲ. ಪ್ರತಿ ಮಾತೂ ನಿಜವಾಗಿರಬೇಕು. ಆಗ ಬಾಮೈದನಲ್ಲ, ಅವನಪ್ಪ ಎದ್ದುಬಂದು ಕೇಳಿದರೂ ರೆಪ್ಪೆ ಅಲುಗುವುದಿಲ್ಲ.

ಉಳಿದದ್ದು ದೋಣಿಯ ಅಳತೆ. ಅಳತೆ ಅವನ ಕಸುಬು.

ದೋಣಿ ಅಂಗಡಿಗೆ ಇಬ್ಬರೂ ಹೋದರು. ಅಂಗಡಿಯವನು ಬಾಯಿಬಡುಕ, ದಪ್ಪ ಆಸಾಮಿ. "ಜೋಡಿಗೆ ಅಂದ್ರಲ್ಲ ಸಾರ್? ಬನ್ನಿ, ಹಾಗಾದ್ರೆ ನಿಮಗೆ ಸಣ್ಣದೇ ಸಾಕು," ಎಂದು ಒಂದು ಪುಟಾಣಿ ದೋಣಿಯ ಅಂಚು ತಟ್ಟಿದ. "ತಿರುಗಿಸೋದು ಸುಲಭ, ನಿಲ್ಲಿಸೋದು ಸುಲಭ. ಅಂಚು ನೋಡಿ ಎಷ್ಟು ತಗ್ಗು! ಅಕಸ್ಮಾತ್ ನೀರಿಗೆ ಬಿದ್ರೂ ಕೈಯೂರಿ ಹತ್ತಿಬಿಡಬಹುದು."

ಹಾಳಾಗಿ ಹೋಗಲಿ ಎಂದುಕೊಂಡ ದರ್ಜಿ. ಅದರ ಆಚೆಗೆ ದೊಡ್ಡದೊಂದಿತ್ತು, ಒಳಗೆ ಮಲಗುವ ಕೋಣೆ, ಒಲೆ, ಮೇಜು. ಅದರಲ್ಲಿ ಹತ್ತು ಜನ ಕೂರಬಹುದು, ಅಂದರೆ ಹತ್ತು ಜನ ಬಂದೇ ಬರುತ್ತಾರೆ. ಬಾಮೈದ, ಅವನ ಹೆಂಡತಿ, ಅವಳ ಅಕ್ಕ, ಬಾವ. ಕೊಲ್ಲಲು ಅಷ್ಟು ಜನ ಯಾಕೆ? ಎರಡರ ನಡುವೆ ಬಿಳಿ ಬಣ್ಣದ ಮಧ್ಯಮ ಗಾತ್ರದ್ದೊಂದು ನಿಂತಿತ್ತು. ಎರಡೇ ಸೀಟು, ಹಿಂದೆ ಒಂದಿಷ್ಟು ಜಾಗ. ಮೋಟಾರು ಹೊಟ್ಟೆಯೊಳಗೆ, ಹಾಗಾಗಿ ಹಿಂಬದಿ ಗೋಡೆಯಂತೆ ನುಣ್ಣಗಿತ್ತು. ಕೈಗೆ, ಕಾಲಿಗೆ ಆಸರೆಯಾಗುವಂಥದ್ದು ಏನೂ ಇರಲಿಲ್ಲ. ಅಂಚು ಎತ್ತರ.

"ಇದು ಅಲೆ ಜಾಸ್ತಿ ಇರೋ ಕಡೆಗೆ ಮಾಡಿದ್ದು ಸಾರ್. ನಿಮಗೆ ಯಾಕೆ ಇಷ್ಟು ಎತ್ತರ?"

"ಇವಳ ಮೇಲೆ ನೀರು ಹಾರಬಾರದು," ಎಂದ ದರ್ಜಿ. ಅದೂ ನಿಜವೇ. ಹಾರಿಬಂದ ನೀರಿಂದ ಅವಳು ಸಾಯುವುದು ಅವನಿಗೆ ಬೇಕಿರಲಿಲ್ಲ.

ಜೇಬಿನಿಂದ ಟೇಪು ತೆಗೆದ. ನೀರಿನ ಮಟ್ಟ ತೋರಿಸುವ ನೀಲಿ ಗೆರೆಯಿಂದ ಅಂಚಿನವರೆಗೆ ಹಿಡಿದು ನೋಡಿದ. ಹೆಂಡತಿಯ ತೋಳಿನ ಉದ್ದ ಅವನಿಗೆ ಬಾಯಿಪಾಠ. ನೀರಲ್ಲಿ ಕುತ್ತಿಗೆವರೆಗೆ ಮುಳುಗಿದವಳು ಕೈ ಎತ್ತಿದರೆ ಬೆರಳು ಎಲ್ಲಿಗೆ ಬರುತ್ತದೆಂಬುದನ್ನು ಕಣ್ಣಲ್ಲೇ ಲೆಕ್ಕ ಹಾಕಿದ. ಒಂದು ಗೇಣು ಕಡಿಮೆ ಬೀಳುತ್ತಿತ್ತು. ಅವನದಂತೂ ಇನ್ನೂ ಕಡಿಮೆ, ಏಕೆಂದರೆ ಅವಳು ಅವನಿಗಿಂತ ಎತ್ತರ. ಅದೂ ಮೂವತ್ತು ವರ್ಷದಿಂದ ನುಂಗಿಕೊಂಡು ಬಂದದ್ದೇ.

"ಟೇಪು ಹಿಡ್ಕೊಂಡು ದೋಣಿ ನೋಡಿದವರನ್ನ ಇವತ್ತೇ ಕಂಡಿದ್ದು ಸಾರ್!" ಅಂಗಡಿಯವನು ನಕ್ಕ. "ಅದು ಇಬ್ರು ಕೂತಾಗಿನ ಗೆರೆ. ಯಾರೂ ಇಲ್ದಿದ್ರೆ ಇನ್ನೂ ನಾಲ್ಕು ಬೆರಳು ಮೇಲೆ ತೇಲುತ್ತೆ."

"ಯಾರೂ ಇಲ್ದಿದ್ರೆ ಅದನ್ನ ಕಟ್ಕೊಂಡು ನನಗೇನು," ಎಂದ ದರ್ಜಿ.

"ಹಿಂದೆ ನೇತುಹಾಕೋ ಏಣಿ ಬೇರೆ ಬರುತ್ತೆ. ಈಗಲೇ ಹಾಕಿಸ್ಬಿಡ್ಲಾ?"

"ಆಮೇಲೆ ನೋಡೋಣ."

ಹೆಂಡತಿ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅಂಗಡಿಯವನ ಅಂಗಿಯ ಕಫಿನಿಂದ ಒಂದು ಎಳೆ ಇಣುಕುತ್ತಿತ್ತು, ಅವಳ ಕಣ್ಣೆಲ್ಲ ಅದರ ಮೇಲೆ. "ಒಂದು ನಿಮಿಷ ಇರಿ," ಎಂದು ಎಳೆದು, ಎರಡು ಬೆರಳಿಗೆ ಅಡ್ಡಡ್ಡ ಸುತ್ತಿ, ನಡು ಬಿಗಿದು ಪರ್ಸಿಗೆ ಹಾಕಿಕೊಂಡಳು. "ಅಮ್ಮಾವ್ರು ಬಲು ಅಚ್ಚುಕಟ್ಟು!" ಎಂದ ಅಂಗಡಿಯವನು. ಆ ಕ್ಷಣದಲ್ಲೇ ದರ್ಜಿಗೆ ಕೊನೆಯ ಹೊಲಿಗೆಯೂ ಸಿಕ್ಕಿತು. ಇವಳನ್ನು ತಳ್ಳಬೇಕಾದ ಅಗತ್ಯವೇ ಇಲ್ಲ. ತಳ್ಳಿದರೆ 'ತಳ್ಳಲಿಲ್ಲ' ಎಂಬ ಸುಳ್ಳು ಹೇಳಬೇಕಾಗುತ್ತದೆ. ಒಂದು ದಾರ ಸಾಕು.

ಆಮೇಲಿನ ದಿನಗಳಲ್ಲಿ ಅವನು ಸೀಟಿಗೆ ನೀಲಿ ದಿಂಬು ಹೊಲಿದ, ದೋಣಿಯ ಬಲಗಡೆಯ ಗಿಡ್ಡ ಕಂಬಕ್ಕೆ ಒಂದು ಪುಟ್ಟ ಬಾವುಟ ಹೊಲಿದ. ಬಾವುಟದ ಅಂಚು ಮಡಿಸಿ ಹೊಲಿದು, ಕೊನೆಯಲ್ಲಿ ಕೆಂಪು ದಾರವನ್ನು ಮೊಳದುದ್ದ ಬಿಟ್ಟ. ಕಂಬ ನೀರಿನ ಕಡೆಗೆ ವಾಲಿಕೊಂಡಿತ್ತು. ದಾರ ಹಿಡಿಯಬೇಕಾದರೆ ಎದ್ದು ನಿಂತು, ಅಂಚಿನ ಆಚೆಗೆ ಅರ್ಧ ಮೈ ಚಾಚಬೇಕು. ಜೀವರಕ್ಷಕ ಜಾಕೆಟ್ಟುಗಳ ಬಗ್ಗೆ ಅವನು ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. ಪಟ್ಟಿಗಳೆಲ್ಲ ಇಳಿಬಿದ್ದಿರುವಂತೆ ಅವನ್ನು ಹಿಂದೆ ಚೆಲ್ಲಾಪಿಲ್ಲಿ ಬಿಸಾಡಿದರೆ ಸಾಕು, ಅವಳೇ ಮಡಚಿ ಪೆಟ್ಟಿಗೆಗೆ ತುಂಬಿ ಮುಚ್ಚಳ ಹಾಕುತ್ತಾಳೆ. ಅವಳ ಚಾಳಿಯನ್ನೇ ಅವಳಿಗೆ ಹೊದಿಸಿ ಹೊಲಿಯುವುದರಲ್ಲಿ ಅವನಿಗೆ ಎಂಥ ಖುಷಿ! ರಾತ್ರಿ ಹಾಸಿಗೆಯಲ್ಲಿ ಅದನ್ನು ನೆನೆದು ಒಬ್ಬನೇ ನಗುತ್ತಿದ್ದ.

ಟ್ರಯಲ್ ನೋಡದೆ ಯಾವ ಬಟ್ಟೆಯನ್ನೂ ಕೊಟ್ಟವನಲ್ಲ. ಒಂದು ಮಧ್ಯಾಹ್ನ ಒಬ್ಬನೇ ಸರೋವರದ ನಡುವಿಗೆ ಹೋಗಿ, ಎಂಜಿನ್ ಆರಿಸಿ, ನೀರಿಗೆ ಹಾರಿದ. ಚಿಕ್ಕಂದಿನಲ್ಲಿ ಕಲಿತ ಈಜು ಕೈಬಿಟ್ಟಿರಲಿಲ್ಲ. ಹತ್ತಲು ಹಿಂಬದಿಯ ಎಡಮೂಲೆಯ ಗೂಟಕ್ಕೆ ಬಿಳಿ ಹಗ್ಗ ಕಟ್ಟಿ, ತುದಿಯಲ್ಲಿ ಕಾಲಿಡುವಂಥ ಕುಣಿಕೆ ಮಾಡಿ ನೀರಿಗೆ ಇಳಿಬಿಟ್ಟಿದ್ದ. ಅದಕ್ಕೆ ಕಾಲು ಕೊಟ್ಟು ಮೇಲೆದ್ದ, ಸಲೀಸಾಗಿ ಒಳಗೆ ಬಂದ. ಬಲಗಡೆ ಬಿದ್ದವರಿಗೆ ಆ ಹಗ್ಗ ಕಾಣುವುದಿಲ್ಲ, ಕಂಡರೂ ಈಜು ಬಾರದವರಿಗೆ ಸುತ್ತಿ ಬರಲು ಆಗುವುದಿಲ್ಲ. ಬೇಕಾದರೆ ನಾಲ್ಕು ಸಲ ಹಾರಿ ನಾಲ್ಕು ಸಲ ಹತ್ತಬಹುದೆಂದು ಖಾತ್ರಿ ಮಾಡಿಕೊಂಡು, ಮೈ ಒರೆಸಿಕೊಂಡು ಮನೆಗೆ ಬಂದ.

ಗಾಳಿಯಿಲ್ಲದ ಒಂದು ದಿನ ನೋಡಿ ಹೊರಟರು. ಕೆಲಸದ ದಿನ, ನೀರಿನ ಮೇಲೆ ಬೇರೆ ಯಾರೂ ಇರಲಿಲ್ಲ. ದರ್ಜಿ ಮೊದಲೇ ಬಂದು ಎಲ್ಲ ಸಿದ್ಧಮಾಡಿದ್ದ. ಹಗ್ಗ ಎಡಮೂಲೆಯಲ್ಲಿ, ಬಾವುಟ ಬಲಗಡೆ, ಜಾಕೆಟ್ಟುಗಳು ಚೆಲ್ಲಾಪಿಲ್ಲಿ. ತಾನು ಹಾಕಿದ ಗಂಟನ್ನು ಎರಡನೇ ಸಲ ನೋಡುವ ಅಭ್ಯಾಸ ಅವನಿಗೆ ಯಾವತ್ತೂ ಇರಲಿಲ್ಲ. ನೋಡುವಂಥ ಗಂಟು ಹಾಕಿದವನೇ ಅಲ್ಲ.

ಹೆಂಡತಿ ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲೇ ಬೆನ್ನ ಹಿಂದೆ ಸರಬರ ಸದ್ದು ಕೇಳಿಸಿತು. ದರ್ಜಿ ತಿರುಗಲಿಲ್ಲ. ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಲೇ ತುಟಿಯಂಚಿನಲ್ಲಿ ನಕ್ಕ. ಜಾಕೆಟ್ಟುಗಳ ಪಟ್ಟಿ ಮಡಚುತ್ತಿದ್ದಾಳೆ. ಪೆಟ್ಟಿಗೆ ಮುಚ್ಚಿದ ಸದ್ದು. ಮಡಚು ತಾಯಿ, ಚೆನ್ನಾಗಿ ಮಡಚು.

"ರೀ," ಎಂದಳು ಹಿಂದಿನಿಂದ, "ಎಲ್ಲ ಹಾಗಾಗೇ ಬಿಟ್ಟಿದ್ದೀರಲ್ಲ. ನೋಡಿ ಇಲ್ಲಿ..."

"ಇಟ್ಟುಬಿಡು ಎಲ್ಲಿಡಬೇಕೋ ಅಲ್ಲಿ. ನನಗೆ ಹೇಳ್ತಾ ಕೂರಬೇಡ," ಎಂದ.

ಅವಳು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಕರವಸ್ತ್ರದಿಂದ ಒದ್ದೆ ಕೈ ಒರೆಸಿಕೊಳ್ಳುತ್ತ, "ನಾನೊಬ್ಬಳು ಇಲ್ದೇ ಇದ್ರೆ ನಿಮ್ಮ ಗತಿ ಏನು ಅಂತ?" ಎಂದು ನಕ್ಕಳು.

"ಅದನ್ನೇ ನಾನೂ ಯೋಚಿಸ್ತಿದ್ದೆ," ಎಂದ ದರ್ಜಿ. ರೆಪ್ಪೆ ಅಲುಗಲಿಲ್ಲ.

ನೀರಿನ ನಡುವಿಗೆ ಬರುವಷ್ಟರಲ್ಲಿ ದಡದ ಮರಗಳು ಕರಿ ಗೆರೆಯಾದವು. ಹೆಂಡತಿ ಮದುವೆ ಹೊಸದರ ಮಾತುಗಳನ್ನೆಲ್ಲ ತೆಗೆದಳು, ಕಾಜಾ ಹೊಲಿಯುವ ಹುಡುಗನೊಬ್ಬ ಅವಳ ಅಪ್ಪನಿಗೆ ಹೆದರಿ ಮೇಜಿನ ಕೆಳಗೆ ಅಡಗಿದ್ದನ್ನು ಹೇಳಿ ಹೇಳಿ ನಕ್ಕಳು. ಅವನ ತೋಳಿನ ಮೇಲೆ ಕೈ ಇಟ್ಟಳು. ಪ್ರೀತಿಯಿಂದ ಇಟ್ಟಿದ್ದಾಳೋ, ಕೋಟಿನಲ್ಲಿ ಎಳೆ ಹುಡುಕುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವನು ವೇಗ ತಗ್ಗಿಸಿದ. ಬಾವುಟ ಜೋತುಬಿತ್ತು. ಅದರಿಂದ ಕೆಂಪು ದಾರ ಕೆಳಗಿಳಿದು ಮೆಲ್ಲಗೆ ತೂಗತೊಡಗಿತು.

ಮಾತು ಅರ್ಧಕ್ಕೇ ನಿಂತಿತು. "ಅಯ್ಯೋ, ಅಲ್ಲೊಂದು ದಾರ," ಎಂದು ಅವಳು ಎದ್ದಳು.

ಒಂದು ಕಾಲನ್ನು ದಿಂಬಿನ ಮೇಲಿಟ್ಟಳು, ಅಂಚಿಗೆ ಹೊಟ್ಟೆ ಕೊಟ್ಟು ಕೈ ಚಾಚಿದಳು. ಅವಳ ಬೆರಳು ದಾರವನ್ನು ಹಿಡಿಯುವವರೆಗೂ ದರ್ಜಿ ಕಾದ. ಆಮೇಲೆ ಎಂಜಿನ್ನಿಗೆ ಜೋರು ಕೊಟ್ಟು ಸ್ಟಿಯರಿಂಗನ್ನು ಎಡಕ್ಕೆ ಪೂರ್ತಿ ಎಳೆದ.

ನೀರಲ್ಲಿ ಸದ್ದಾಯಿತು, ಅಷ್ಟೇ. ಎಂಜಿನ್ ಆರಿಸಿ ನಿಂತು ನೋಡಿದ. ಅವಳು ಮೇಲೆ ಬಂದಳು, ಕೆಮ್ಮಿದಳು, ದೋಣಿಯ ಕಡೆಗೆ ಕೈ ಬಡಿದಳು. ಬಿಳಿ ಗೋಡೆಯ ಮೇಲೆ ಒದ್ದೆ ಬೆರಳುಗಳು ಹತ್ತಿದವು, ಜಾರಿದವು. ಅಂಚಿಗೆ ಒಂದು ಗೇಣು ಕಡಿಮೆ. ಟೇಪು ಹೇಳಿದಷ್ಟೇ.

"ರೀ, ಕೈ ಕೊಡಿ!"

ಅವನು ಕೈ ಚಾಚಿದ. ಮೊಣಕೈ ಸ್ವಲ್ಪ ಮಡಚಿಕೊಂಡು, ಸೊಂಟ ಬಗ್ಗಿಸದೆ, ಎಟುಕದಷ್ಟು ಮಾತ್ರ. ಚಾಚಿದ್ದಂತೂ ನಿಜ. ಅವಳು ಆ ಕೈಯನ್ನೇ ನೋಡುತ್ತ ಮೂರು ಸಲ ಮೇಲೆದ್ದಳು.

"ಹಗ್ಗ! ರೀ, ಹಗ್ಗ ಎಸೀರಿ, ಅಲ್ಲೇ..." ಎಂದು ಏನೋ ಕೂಗಿದಳು. ಬಾಯಿಗೆ ನೀರು ತುಂಬಿತು. ಮುಳುಗುವವರೆಲ್ಲ ಹಗ್ಗವನ್ನೇ ಕೇಳುತ್ತಾರೆ, ಪಾಪ, ಎಂದುಕೊಂಡ ದರ್ಜಿ. ಚಾಚಿದ ಕೈ ಚಾಚಿದಂತೆಯೇ ಇತ್ತು. ಅವಳ ಕಣ್ಣಿನಲ್ಲಿ ಕೊನೆಗೆ ಏನೋ ಹೊಳೆದಂತಾಯಿತು. ಗಂಡನ ಮಡಚಿದ ಮೊಣಕೈಯ ಅರ್ಥ ಆಗಿರಬೇಕು. ಆಮೇಲೆ ಅವಳು ಕೂಗಲಿಲ್ಲ. ಮುಷ್ಟಿಯಲ್ಲಿ ಕೆಂಪು ದಾರದ ತುದಿ ಹಿಡಿದುಕೊಂಡೇ ಒಳಗೆ ಹೋದಳು. ಒಂದು ಚಪ್ಪಲಿ ಮಾತ್ರ ತೇಲಿ ಬಂತು.

ನೀರು ಮತ್ತೆ ಇಸ್ತ್ರಿ ಹಾಕಿದಂತಾಗುವವರೆಗೂ ದರ್ಜಿ ಸೀಟಿನಲ್ಲಿ ಕೂತ. ಎದೆ ಹಗುರವಾಗಿತ್ತು. ನಾಳೆಯಲ್ಲ ನಾಡಿದ್ದು ಅಂಗಡಿ ತೆಗೆಯಬಹುದು. ಬೇಡ, ಹದಿನೈದು ದಿನವಾದರೂ ಕಳೆಯಲಿ, ಜನ ಏನಂದಾರು. ಡಾಕ್ಟರ ಕೋಟಿಗೆ ತೋಳು ಕೂರಿಸಬೇಕು, ಪಕ್ಕಾ ಹೊಲಿಗೆ ಹಾಕಬೇಕು. ಕಚ್ಚಾ ದಾರವನ್ನು ಎಷ್ಟು ಬೇಕಾದರೂ ನೇತಾಡಿಸಬಹುದು, ಕೇಳುವವರಿಲ್ಲ. ಅವನು ಫೋನನ್ನು ಜೇಬಿಗೆ ತುರುಕಿಕೊಂಡ. ಹೆಂಡತಿಯನ್ನು ಕಾಪಾಡಲು ಹಾರುವವನು ಬೂಟು ಬಿಚ್ಚುತ್ತಾ ಕೂರುವುದಿಲ್ಲ, ಹಾಗಾಗಿ ಬೂಟುಗಳನ್ನೂ ಬಿಚ್ಚದೆ ಬಲಗಡೆಯಿಂದ ನೀರಿಗೆ ಹಾರಿದ.

ಹುಡುಕಿದ, ಮನಸ್ಸಿಟ್ಟೇ ಹುಡುಕಿದ. ನಾಲ್ಕು ಸಲ ಮುಳುಗಿ ಕಣ್ಣು ಬಿಟ್ಟು ನೋಡಿದ, ಅವಳ ಹೆಸರು ಹಿಡಿದು ಎರಡು ಸಲ ಕೂಗಿದ. ತೊಟ್ಟಿದ್ದ ಕೋಟು ನೀರು ಕುಡಿದು ಭಾರವಾಯಿತು, ಬೂಟುಗಳು ಕಾಲನ್ನು ಕೆಳಕ್ಕೆ ಎಳೆದವು, ಕೈ ಸೋತಿತು. ಇಷ್ಟು ಸಾಕು, ಯಾರು ಕೇಳಿದರೂ ಎಲ್ಲ ನಿಜ ಎಂದುಕೊಂಡು ದೋಣಿಯ ಹಿಂಬದಿಯನ್ನು ಸುತ್ತಿ ಎಡಮೂಲೆಗೆ ಬಂದ. ಕಾಲಿನಿಂದ ಕುಣಿಕೆಗಾಗಿ ತಡಕಿದ, ಸಿಗಲಿಲ್ಲ. ಕೈಯಿಂದ ತಡಕಿದ. ನುಣ್ಣನೆಯ ಬಿಳಿ ಗೋಡೆ, ಬೇರೇನೂ ಇಲ್ಲ. ಖಾಲಿ ದೋಣಿ ನಾಲ್ಕು ಬೆರಳು ಮೇಲೆದ್ದು ಅವನ ಪಕ್ಕದಲ್ಲೇ ಸುಮ್ಮನೆ ನಿಂತಿತ್ತು. ದರ್ಜಿ ತಲೆಯೆತ್ತಿ ನೋಡಿದ. ಅಂಚಿನ ಮೇಲಿನ ಗೂಟದಲ್ಲಿ ಅವನ ಹಗ್ಗ ಇತ್ತು, ಒಂದು ಎಳೆಯೂ ನೇತಾಡದಂತೆ: ಅಡ್ಡಡ್ಡ ಸುತ್ತಿ, ಉಳಿದ ತುದಿಯಿಂದ ನಡು ಬಿಗಿದು, ಅಚ್ಚುಕಟ್ಟಾದ ಕಂತೆ.